ಶಂಖದಿಂದ ಬಂದರೆ ತೀರ್ಥ

॥ ಶ್ರೀ ॥

ಬೆಟ್ಟದ ಮೆಟ್ಟಿಲು ಹತ್ತುವ ಭಕ್ತನಿಗೆ ದೇವರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾನೆ. ಗರ್ಭಗುಡಿ ಇನ್ನೂ ದೂರ ಇರುವಾಗಲೇ ಮಂಗಳಾರತಿಯ ಗಂಟೆ, ಜಾಗಟೆ, ಅವೆರಡನ್ನೂ ಸೀಳಿಕೊಂಡು ಬರುವ ಶಂಖದ ನಾದ ಕೇಳಿಸುತ್ತದೆ. ಅದನ್ನು ಕೇಳಿದೊಡನೆ ದಣಿದು ಕೂತ ಮುದುಕಿಯೂ "ಬಂತ್ ನೋಡ್ರಿ, ಇನ್ನ ಈಟ ಐತಿ" ಎಂದು ಸೀರೆ ಕೊಡವಿಕೊಂಡು ಎದ್ದು ನಡೆಯತೊಡಗುತ್ತಾಳೆ. ದರ್ಶನವಾದ ಮೇಲೆ ಅದೇ ಭಕ್ತರು ಸಾಲಿನಲ್ಲಿ ನಿಂತು ಅಂಗೈ ಬಟ್ಟಲು ಮಾಡಿ ತೀರ್ಥಕ್ಕಾಗಿ ಕಾಯುತ್ತಾರೆ. ಶಂಖದಲ್ಲಿ ತುಂಬಿ ಪೂಜಿಸಿದ ನೀರಿನ ಒಂದು ಹನಿ ಕೈಗೆ ಬಿದ್ದರೂ ಸಾಕು, ಬಂದ ದಾರಿಯೆಲ್ಲ ಸಾರ್ಥಕ ಎನಿಸುತ್ತದೆ.

"ಶಂಖದಿಂದ ಬಂದರೆ ತೀರ್ಥ" ಎಂಬ ಗಾದೆ ಹುಟ್ಟಿದ್ದು ಈ ಸಾಲಿನಲ್ಲಿಯೇ ಇರಬೇಕು. ಆದರೆ ನಮ್ಮ ಹಿರಿಯರು ಈ ಮಾತನ್ನು ಬರಿಯ ಭಕ್ತಿಯಿಂದ ಹೇಳಲಿಲ್ಲ. ಇದರಲ್ಲಿ ಒಂದು ಕುಟುಕೂ ಇದೆ. ಬಡವ ಹೇಳಿದಾಗ ಯಾರೂ ಕೇಳದ ಮಾತನ್ನೇ ದೊಡ್ಡವರು ಹೇಳಿದಾಗ ಊರೆಲ್ಲ ತಲೆದೂಗಿದರೆ, ಅಂಥ ಹೊತ್ತಿಗೆ ಈ ಗಾದೆ ಬಾಯಿಗೆ ಬರುತ್ತದೆ. ನೀರು ಅದೇ, ಪಾತ್ರೆ ಮಾತ್ರ ಬೇರೆ!

ಮುಂಡಗೋಡ ತಾಲ್ಲೂಕಿನ ಸನವಳ್ಳಿ ಎಂದರೆ ಆ ಭಾಗದ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿಯ ಜಲಾಶಯ. ಅಂಥ ಕೆರೆಕಟ್ಟೆಯ ನೀರು ಗದ್ದೆಗೆ ಹರಿದರೆ ಭತ್ತವಾಗುತ್ತದೆ, ನಲ್ಲಿಗೆ ಬಂದರೆ ಕುಡಿಯುವ ನೀರಾಗುತ್ತದೆ, ಎಮ್ಮೆಯ ಮೈಮೇಲೆ ಬಿದ್ದರೆ ಜಳಕವಾಗುತ್ತದೆ, ಶಂಖಕ್ಕೆ ಬಿದ್ದರೆ ತೀರ್ಥವಾಗುತ್ತದೆ. ಹಾಗಾದರೆ ತೀರ್ಥತ್ವ ಇರುವುದು ನೀರಿನಲ್ಲೋ, ಶಂಖದಲ್ಲೋ, ಇಲ್ಲವೇ ಕೈಯೊಡ್ಡಿದ ಭಕ್ತನಲ್ಲೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ 'ಶಂಖ' ಎಂಬ ಶಬ್ದವನ್ನೇ ಕೈಗೆತ್ತಿಕೊಂಡು ನೋಡಬೇಕು. ಭಕ್ತರು ಊರಿಂದ ಬೆಟ್ಟಕ್ಕೆ ಬಂದಂತೆ ಈ ಶಬ್ದವೂ ಬಹಳ ದೂರ ನಡೆದು ಬಂದಿದೆ.

ಶಬ್ದದ ಮೂಲ

ನಾಲ್ಕು ವೇದಗಳಲ್ಲಿ ಶಂಖಕ್ಕೆ ಪ್ರಸಿದ್ಧ ಸ್ಥಾನ ಇರುವುದು ಅಥರ್ವವೇದದಲ್ಲಿ. ಅದರ ನಾಲ್ಕನೆಯ ಕಾಂಡದ ಹತ್ತನೆಯ ಸೂಕ್ತ ಪೂರ್ತಿಯಾಗಿ ಶಂಖದ ಮಣಿಗೇ ಮೀಸಲು. ಸಮುದ್ರದಿಂದ ಹುಟ್ಟಿದ ಆ ಮಣಿಯನ್ನು ರಕ್ಷೆಯಾಗಿ ಕಟ್ಟಿಕೊಂಡು ರೋಗ, ದಾರಿದ್ರ್ಯಗಳಿಂದ ಕಾಪಾಡೆಂದು ಅಲ್ಲಿ ಬೇಡಿಕೊಳ್ಳಲಾಗಿದೆ. ಅಂದರೆ ಅಲ್ಲಿ ಶಂಖ ಊದುವ ವಸ್ತುವಾಗಿರದೆ ಕಟ್ಟಿಕೊಳ್ಳುವ ತಾಯತವಾಗಿದೆ.

ಸಂಸ್ಕೃತದ ವೈಯಾಕರಣರು 'ಶಮ್' ಎಂಬ ಧಾತುವಿನಿಂದ ಈ ಶಬ್ದವನ್ನು ಸಾಧಿಸುತ್ತಾರೆ. ಶಮ್ ಎಂದರೆ ತಣಿಯುವುದು, ಶಾಂತವಾಗುವುದು. ಶಾಂತಿ, ಶಮನ ಎಂಬ ಮಾತುಗಳ ಧಾತುವೂ ಅದೇ. 'ಶಂ' ಎಂದರೆ ಮಂಗಳ, 'ಖ' ಎಂದರೆ ಟೊಳ್ಳು ಅಥವಾ ಆಕಾಶ ಎಂದು ಬಿಡಿಸಿ ಅರ್ಥ ಹೇಳುವುದೂ ಉಂಟು. ಮಂಗಳವನ್ನು ತುಂಬಿಕೊಳ್ಳುವ ಟೊಳ್ಳೇ ಶಂಖ. ಪ್ರವಚನಕ್ಕೆ ಇದು ಒಪ್ಪುವ ಮಾತು.

ಭಾಷಾಶಾಸ್ತ್ರದವರು ಇನ್ನೊಂದು ದಾರಿ ತೋರಿಸುತ್ತಾರೆ. ಗ್ರೀಕರ ಹಳೆಯ ನುಡಿಯಲ್ಲಿ ಚಿಪ್ಪಿಗೆ 'ಕೋಂಖೋಸ್', 'ಕೋಂಖೆ' ಎಂದು ಹೆಸರು. ಅದನ್ನು ರೋಮಿನವರು 'ಕೋಂಕ' ಎಂದರು. ಇಂಗ್ಲಿಷಿನಲ್ಲಿ ಅದೇ 'ಕಾಂಚ್', 'ಕಾಂಕ್' ಆಯಿತು. ಮೇಲುನೋಟಕ್ಕೆ ಶಂಖಕ್ಕೂ ಕೋಂಖಕ್ಕೂ ಏನು ಸಂಬಂಧ ಎನಿಸಬಹುದು. ಆದರೆ ಸಂಸ್ಕೃತದಲ್ಲಿ 'ಶ' ಇರುವ ಎಷ್ಟೋ ಶಬ್ದಗಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ 'ಕ' ಬರುತ್ತದೆ. ನಮ್ಮ 'ದಶ' ಗ್ರೀಕಿನಲ್ಲಿ 'ಡೆಕ', ಲ್ಯಾಟಿನ್ನಿನಲ್ಲಿ 'ಡೆಕೆಮ್'. ಗೋಡೆಯ ಕ್ಯಾಲೆಂಡರಿನ ಡಿಸೆಂಬರ್ ಎಂಬ ಹೆಸರಿನಲ್ಲಿ ಕೂತಿರುವುದು ಅದೇ 'ಹತ್ತು'. ಹಳೆಯ ರೋಮನ್ ವರ್ಷದಲ್ಲಿ ಅದು ಹತ್ತನೆಯ ತಿಂಗಳಾಗಿತ್ತು. ನಮ್ಮ 'ಶತ' ಲ್ಯಾಟಿನ್ನಿನಲ್ಲಿ 'ಕೆಂಟುಮ್'. ಬ್ಯಾಂಕಿನ ಪರ್ಸೆಂಟಿನಲ್ಲಿರುವ 'ಸೆಂಟ್' ಅದೇ. ನಮ್ಮ 'ಶ್ವಾನ'ಕ್ಕೆ ಅವರ 'ಕಾನಿಸ್'. ಇದೇ ಲೆಕ್ಕದಲ್ಲಿ ಶಂಖಕ್ಕೆ ಕೋಂಖ.

ಇದರಿಂದ ನಾವು ಅವರಿಗೆ ಕೊಟ್ಟೆವೆಂದೋ ಅವರು ನಮಗೆ ಕೊಟ್ಟರೆಂದೋ ಜಗಳ ತೆಗೆಯಬೇಕಾಗಿಲ್ಲ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರಿಗೆ ಹೋಗಿ ನೆಲೆಸಿದಂತೆ ಇವು ಅಕ್ಕತಂಗಿಯರಾದ ಶಬ್ದಗಳು ಎಂದು ಬಹಳ ಜನ ವಿದ್ವಾಂಸರ ಮತ. ಕಡಲ ದಂಡೆಯ ಯಾವುದೋ ಹಳೆಯ ಜನದ ಮಾತಿನಿಂದ ಎರಡೂ ಕಡೆಯವರು ಇದನ್ನು ಪಡೆದಿರಬಹುದು ಎನ್ನುವವರೂ ಇದ್ದಾರೆ. ಹೇಗಿದ್ದರೂ ಶಬ್ದ ಒಬ್ಬರ ಸೊತ್ತಲ್ಲ ಎಂಬುದಂತೂ ನಿಜ.

ಇನ್ನೂ ಒಂದು ಸೋಜಿಗ ಉಂಟು. ಇಂಗ್ಲಿಷಿನಲ್ಲಿ 'ಚಾಂಕ್' ಎಂಬ ಇನ್ನೊಂದು ಶಬ್ದವಿದೆ. ಇದು ಗ್ರೀಸಿನ ದಾರಿಯಿಂದ ಬಂದದ್ದಲ್ಲ. ನಮ್ಮ ಕರಾವಳಿಯಲ್ಲಿ ಶಂಖದ ವ್ಯಾಪಾರ ಮಾಡಿದ ವಿದೇಶಿಯರು ಇಲ್ಲಿಯ ಶಂಖ, ಸಂಗು ಎಂಬ ಮಾತುಗಳನ್ನು ಕೇಳಿ ತಮ್ಮ ನಾಲಿಗೆಗೆ ಹೊಂದಿಸಿಕೊಂಡದ್ದು. ಹೀಗೆ ಒಂದೇ ಶಬ್ದ ಎರಡು ದಾರಿ ಹಿಡಿದು, ಕಾಂಚ್ ಆಗಿ ಒಮ್ಮೆ, ಚಾಂಕ್ ಆಗಿ ಇನ್ನೊಮ್ಮೆ, ಒಂದೇ ಮನೆಯ ಬಾಗಿಲು ತಟ್ಟಿತು.

ನಮ್ಮ ನುಡಿಗಳಲ್ಲಿ ಶಂಖ

ತಮಿಳಿನಲ್ಲಿ ಸಂಗು, ಮಲೆಯಾಳದಲ್ಲಿ ಶಂಖ್, ತೆಲುಗಿನಲ್ಲಿ ಶಂಖಂ, ಮರಾಠಿ ಹಿಂದಿಗಳಲ್ಲಿ ಶಂಖ, ಬಂಗಾಳಿಯಲ್ಲಿ ಶಾಂಖ್. ಪೂಜೆಯ ಶಂಖ ಮುಖ್ಯವಾಗಿ ಸಿಗುವುದು ತಮಿಳುನಾಡಿಗೂ ಶ್ರೀಲಂಕೆಗೂ ನಡುವಿನ ಮನ್ನಾರ್ ಕೊಲ್ಲಿಯಲ್ಲಿ. ತೂತ್ತುಕುಡಿಯ ಕಡೆಯ ಮುಳುಗುಗಾರರು ಉಸಿರು ಕಟ್ಟಿ ಕಡಲ ತಳಕ್ಕೆ ಇಳಿದು ಅದನ್ನು ಆರಿಸಿ ತರುತ್ತಿದ್ದರು. ಅಲ್ಲಿಂದ ಅದು ಬಂಗಾಳಕ್ಕೆ ಹೋಗಿ ಬಳೆಯಾಗುತ್ತಿತ್ತು. ಬಂಗಾಳದ ಮುತ್ತೈದೆಯರ ಕೈಯ ಬಿಳಿ ಬಳೆಗೆ 'ಶಾಂಖಾ' ಎಂದೇ ಹೆಸರು. ಅದನ್ನು ಕೊರೆಯುವ ಕುಶಲಿಗರಿಗೆ 'ಶಾಂಖಾರಿ' ಎನ್ನುತ್ತಾರೆ. ಬಾಂಗ್ಲಾದೇಶದ ಢಾಕಾದಲ್ಲಿ ಶಾಂಖಾರಿ ಬಜಾರ್ ಎಂಬ ಹಳೆಯ ಬೀದಿ ಇಂದಿಗೂ ಇದೆ.

ಕನ್ನಡದ ಹಿತ್ತಿಲಲ್ಲಿ ಬೇಲಿಗೆ ಹಬ್ಬುವ ನೀಲಿ ಹೂವಿಗೆ ಶಂಖಪುಷ್ಪ ಎಂದು ಹೆಸರು. ಮಳೆಗಾಲದಲ್ಲಿ ತೋಟಕ್ಕೆ ನುಗ್ಗಿ ಎಲೆ ತಿನ್ನುವ ಬಸವನಹುಳುವಿಗೆ ಮಲೆನಾಡಿನಲ್ಲಿ ಶಂಖದ ಹುಳು ಎನ್ನುತ್ತಾರೆ. ಒಂದು ಹೆಸರಿನಲ್ಲಿ ಬಸವಣ್ಣನ ಕೊಂಬು, ಇನ್ನೊಂದರಲ್ಲಿ ವಿಷ್ಣುವಿನ ಆಯುಧ! ರೈತನ ಕಣ್ಣಿಗೆ ಪೀಡೆಯಾದ ಹುಳುವಿಗೂ ನಮ್ಮ ಜನ ದೇವರ ಹೆಸರೇ ಇಟ್ಟರು. ಕವಿಗಳು ಮೂರು ಗೆರೆ ಇರುವ ಸುಂದರ ಕೊರಳನ್ನು ಶಂಖಕ್ಕೆ ಹೋಲಿಸಿ 'ಕಂಬುಕಂಠ' ಎಂದರು; ಕಂಬು ಎಂದರೂ ಶಂಖವೇ. ಕುಬೇರನ ನವನಿಧಿಗಳಲ್ಲಿ ಶಂಖನಿಧಿ ಒಂದು. ಹಳೆಯ ಗುಡಿಗಳ ಬಾಗಿಲ ಇಕ್ಕೆಲಗಳಲ್ಲಿ ಶಂಖನಿಧಿ, ಪದ್ಮನಿಧಿಗಳನ್ನು ಕೆತ್ತಿರುವುದುಂಟು. ಹಿಂದಿಯ ಎಣಿಕೆಯಲ್ಲಿ ಒಂದು 'ಶಂಖ' ಎಂದರೆ 1ರ ಮುಂದೆ 17 ಸೊನ್ನೆ. ಸಮುದ್ರದ ಕೂಸಾದ್ದರಿಂದಲೋ ಏನೋ, ಎಣಿಸಲಾಗದ್ದಕ್ಕೂ ಇದರ ಹೆಸರನ್ನೇ ಇಟ್ಟರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಟ್ಟಡಕ್ಕೆ ಅಡಿಗಲ್ಲು ಹಾಕುವ 'ಶಂಕುಸ್ಥಾಪನೆ'ಯನ್ನು ಕೆಲವರು 'ಶಂಖುಸ್ಥಾಪನೆ' ಎಂದು ಬರೆಯುತ್ತಾರೆ. ಅದು ತಪ್ಪು. ಶಂಕು ಎಂದರೆ ಗೂಟ. ಕಟ್ಟುವ ಜಾಗದಲ್ಲಿ ಗೂಟ ನೆಟ್ಟು ಅಳತೆ ಹಿಡಿಯುವುದೇ ಶಂಕುಸ್ಥಾಪನೆ. ಗೂಟ ಗಟ್ಟಿ, ಶಂಖ ಟೊಳ್ಳು. ಕಿವಿಗೆ ಹತ್ತಿರವಾದರೂ ಗುಣದಲ್ಲಿ ಎರಡೂ ಬಲು ದೂರ.

ಕಿವಿಯ ಪಕ್ಕದ ಶಂಖ

ಈಗ ಭಕ್ತರು ತಮ್ಮ ಕೈಯನ್ನು ಹಣೆಯ ಪಕ್ಕಕ್ಕೆ, ಕಣ್ಣಿನ ಕೊನೆಗೂ ಕಿವಿಗೂ ನಡುವೆ ಇಟ್ಟುಕೊಂಡು ನೋಡಬೇಕು. ಕಪಾಳದ ಮೇಲಿನ ಈ ಜಾಗಕ್ಕೆ ಆಯುರ್ವೇದದಲ್ಲಿ 'ಶಂಖ' ಎಂದು ಹೆಸರು. ಸುಶ್ರುತ ಹೇಳಿದ 107 ಮರ್ಮಗಳಲ್ಲಿ ಎರಡು ಶಂಖಮರ್ಮಗಳು, ಎಡಕ್ಕೊಂದು ಬಲಕ್ಕೊಂದು. ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ತೆಗೆಯುವ 19 ಮರ್ಮಗಳ ಸಾಲಿಗೆ ಅವು ಸೇರಿವೆ. ಹಳ್ಳಿಯ ಹಿರಿಯರು "ಕಪಾಳಕ್ಕ ಹೊಡೀಬ್ಯಾಡೋ, ಹುಡುಗ ಸತ್ತಗಿತ್ತಾನು" ಎಂದು ಬೈಯುವುದರಲ್ಲಿ ಸುಶ್ರುತನ ಮಾತೇ ಇದೆ.

ಅತ್ತ ಪಶ್ಚಿಮದ ವೈದ್ಯರು ಹೊರಗಿವಿಯ ನಡುವೆ ಬಟ್ಟಲಿನಂತೆ ತಗ್ಗಾದ ಭಾಗಕ್ಕೆ 'ಕೋಂಕ' ಎಂದು ಹೆಸರಿಟ್ಟರು. ಇಂದಿಗೂ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅದೇ ಹೆಸರು. ಇಲ್ಲಿಯವರು ಕಿವಿಯ ಪಕ್ಕದ ಎಲುಬಿಗೆ ಶಂಖ ಎಂದರು, ಅಲ್ಲಿಯವರು ಕಿವಿಗೇ ಶಂಖ ಎಂದರು. ಒಂದೇ ಮೂಲದ ಶಬ್ದ ಎರಡು ದಿಕ್ಕಿಗೆ ಹೋಗಿ, ಕೊನೆಗೆ ಮನುಷ್ಯನ ಕಿವಿಯ ಹತ್ತಿರವೇ ಬಂದು ಕೂತಿತು. ಹಾಗೆಂದರೆ ತೀರ್ಥ ಕೊಡುವ ಶಂಖ ಗುಡಿಯಲ್ಲಿ ಒಂದಿದ್ದರೆ, ತೀರ್ಥ ತುಂಬಿಸಿಕೊಳ್ಳುವ ಶಂಖ ಪ್ರತಿಯೊಬ್ಬರ ತಲೆಯಲ್ಲಿಯೂ ಎರಡೆರಡು ಇವೆ!

ಶಂಖವನ್ನು ಕಿವಿಗೆ ಹಿಡಿದರೆ ಸಮುದ್ರದ ಭೋರ್ಗರೆತ ಕೇಳುತ್ತದೆ ಎಂದು ಮಕ್ಕಳಿಗೆ ಹೇಳುತ್ತೇವೆ. ಜಾತ್ರೆಯ ಅಂಗಡಿಯಲ್ಲಿ ಮೊಮ್ಮಗ ಕಿವಿಗೆ ಹಿಡಿದು "ಅಜ್ಜಾ, ಗೋಕರ್ಣದ ಸಮುದ್ರ ಕೇಳಾಕತ್ತೈತಿ!" ಎನ್ನುತ್ತಾನೆ. ವಿಜ್ಞಾನ ಹೇಳುವುದೇ ಬೇರೆ. ಶಂಖದೊಳಗೆ ಯಾವ ಸಮುದ್ರವೂ ಇಲ್ಲ. ಸುತ್ತಲಿನ ಸಣ್ಣಪುಟ್ಟ ಸದ್ದುಗಳೇ ಒಳಗಿನ ಸುರುಳಿಯಲ್ಲಿ ಅನುರಣಿಸಿ ನಮಗೆ ಕೇಳುತ್ತವೆ. ಸದ್ದೇ ಇಲ್ಲದ ಕೋಣೆಯಲ್ಲಿ ಶಂಖವೂ ಮೌನ. ಅಜ್ಜ ಹೇಳಿದ್ದು ಸುಳ್ಳಾಯಿತೆಂದು ಬೇಸರ ಬೇಡ. ಎಲ್ಲರೂ ಕೇಳಿಯೂ ಕೇಳದಂತೆ ಬಿಟ್ಟ ಸಣ್ಣ ಸದ್ದುಗಳನ್ನು ಆರಿಸಿಕೊಂಡು ದೊಡ್ಡದು ಮಾಡಿ ಕೊಡುವುದು ಶಂಖದ ಗುಣ. ಇದು ಸಮುದ್ರಕ್ಕಿಂತ ಕಡಿಮೆ ಮಾತೇನು?

ಮುಂಡಗೋಡದ ಶಂಖ, ಲಕ್ಷ್ಮೇಶ್ವರದ ಶಂಖ

ಸನವಳ್ಳಿಯ ಜನಕ್ಕೆ ತಾಲ್ಲೂಕಿನ ಪೇಟೆ ಮುಂಡಗೋಡ. ಅಲ್ಲಿಯ ಟಿಬೆಟನ್ ವಸಾಹತು 1966ರಲ್ಲಿ ಆರಂಭವಾಯಿತು. ತಾಯ್ನಾಡು ಬಿಟ್ಟು ಬಂದವರು ಇಲ್ಲಿಯ ಕಾಡಂಚಿನಲ್ಲಿ ಗೋವಿನಜೋಳ ಬಿತ್ತಿ, ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ಮಹಾವಿಹಾರಗಳನ್ನು ಮತ್ತೆ ಕಟ್ಟಿಕೊಂಡರು. ಅವರ ನುಡಿಯಲ್ಲಿ ಶಂಖಕ್ಕೆ 'ದುಂಗ್' ಎಂದು ಹೆಸರು. ಬಲಕ್ಕೆ ಸುತ್ತಿದ ಬಿಳಿಯ ಶಂಖ ಅವರ ಎಂಟು ಮಂಗಳ ಚಿಹ್ನೆಗಳಲ್ಲಿ ಒಂದು. ಬುದ್ಧನ ಬೋಧೆ ಎಲ್ಲ ದಿಕ್ಕಿಗೂ ಹರಡಿತೆಂಬುದಕ್ಕೆ ಅದು ಗುರುತು. ಭಿಕ್ಷುಗಳನ್ನು ಸಭೆಗೆ ಕರೆಯಲು ಶಂಖ ಊದುವುದು ಅವರ ಹಳೆಯ ಪದ್ಧತಿ. ಇಬ್ಬರು ಹೊತ್ತು ನಡೆಯಬೇಕಾದಷ್ಟು ಉದ್ದದ ಲೋಹದ ಕಹಳೆಯನ್ನು ಅವರು 'ದುಂಗ್‌ಚೆನ್' ಎನ್ನುತ್ತಾರೆ. ಅಂದರೆ ದೊಡ್ಡ ಶಂಖ! ಚಿಪ್ಪು ಹೋಗಿ ತಾಮ್ರ ಬಂದರೂ ಹೆಸರು ಮಾತ್ರ ಕಡಲ ತಳದ್ದೇ ಉಳಿಯಿತು. ಕಡಲೇ ಇಲ್ಲದ ಹಿಮದ ನಾಡಿನವರು ಶಂಖವನ್ನು ಇಷ್ಟು ಎತ್ತರಕ್ಕೆ ಹೊತ್ತುಕೊಂಡು ಹೋದರು, ಮತ್ತೆ ಬರುವಾಗ ನಮ್ಮ ಜಿಲ್ಲೆಗೇ ತಂದರು.

ಮುಂಡಗೋಡದಿಂದ ಮೂಡಣಕ್ಕೆ ಬಯಲು ಸೀಮೆಯಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಇದೆ. ಹಿಂದೆ ಪುಲಿಗೆರೆ ಎನಿಸಿಕೊಂಡ ಆ ಊರಿನಲ್ಲಿ ಪುರಾತನವಾದ ಶಂಖಬಸದಿ ಇದೆ. ಅದು ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರದು. ಶಂಖವೇ ಅವರ ಲಾಂಛನ. ಜೈನರ ಪುರಾಣದಂತೆ ನೇಮಿನಾಥರು ಶ್ರೀಕೃಷ್ಣನ ದಾಯಾದಿ. ಒಮ್ಮೆ ಕೃಷ್ಣನ ಆಯುಧಶಾಲೆಗೆ ಹೋದ ನೇಮಿಕುಮಾರ, ಕೃಷ್ಣನ ಹೊರತು ಬೇರಾರಿಗೂ ಊದಲಾಗದ ಶಂಖವನ್ನು ಲೀಲಾಜಾಲವಾಗಿ ಊದಿಬಿಟ್ಟ. ದ್ವಾರಕೆಯೆಲ್ಲ ನಡುಗಿತು, ಕೃಷ್ಣನೇ ಬೆರಗಾದ. ಆದರೆ ನೇಮಿಕುಮಾರ ದೊಡ್ಡವನಾದದ್ದು ಶಂಖ ಊದಿದ್ದರಿಂದಲ್ಲ. ರಾಜೀಮತಿಯೊಡನೆ ಮದುವೆ ಗೊತ್ತಾಗಿ ದಿಬ್ಬಣ ಹೊರಟಿತ್ತು. ವಾದ್ಯಗಳ ಗದ್ದಲದ ನಡುವೆ ಅವನಿಗೆ ಬೇರೊಂದು ದನಿ ಕೇಳಿಸಿತು. ಮದುವೆಯ ಊಟಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಅರಚಾಟ ಅದು. ಸಾವಿರ ಜನ ದಿಬ್ಬಣದಲ್ಲಿದ್ದರೂ ಅದನ್ನು ಕೇಳಿಸಿಕೊಂಡವನು ಅವನೊಬ್ಬನೇ. ರಥ ತಿರುಗಿಸಿದ, ಒಡವೆ ಕಳಚಿದ, ಗಿರನಾರ ಬೆಟ್ಟ ಹತ್ತಿ ತಪಸ್ಸಿಗೆ ನಿಂತ. ಲೋಕ ನಡುಗುವಂತೆ ಶಂಖ ಊದಬಲ್ಲವನ ಕಿವಿ ಮೂಕಪ್ರಾಣಿಯ ಸೊಲ್ಲಿಗೂ ತೆರೆದಿತ್ತು. ಶಂಖ ಲಾಂಛನವಾದದ್ದು ಅಂಥವನಿಗೆ.

ಬೆಟ್ಟ ಹತ್ತುವವರ ಚಿಪ್ಪು

ಶಂಖಕ್ಕೂ ಯಾತ್ರೆಗೂ ಇರುವ ನಂಟು ನಮ್ಮ ದೇಶದಲ್ಲಿ ಮಾತ್ರ ಇಲ್ಲ. ಜಪಾನಿನಲ್ಲಿ ಬೆಟ್ಟಗಳಲ್ಲಿ ತಿರುಗುತ್ತ ಸಾಧನೆ ಮಾಡುವ 'ಯಾಮಾಬುಶಿ' ಎಂಬ ತಪಸ್ವಿಗಳಿದ್ದಾರೆ. ಅವರು ಶಂಖ ಊದುತ್ತ ಬೆಟ್ಟ ಹತ್ತುತ್ತಾರೆ. ಅವರ ಶಂಖದ ಹೆಸರು 'ಹೋರಾ'. ಬರೆಯುವ ಅಕ್ಷರದ ಪ್ರಕಾರ ಅದರ ಅರ್ಥ 'ಧರ್ಮದ ಶಂಖ'. ಬೌದ್ಧಧರ್ಮದೊಡನೆ ಚೀನಾದ ದಾರಿಯಿಂದ ಬಂದ ಮಾತು ಅದು. ಆದರೆ ಪೇಟೆಯ ಜಪಾನಿಗರ ಆಡುಮಾತಿನಲ್ಲಿ 'ಹೋರಾ ಊದುವುದು' ಎಂದರೆ ಬಡಾಯಿ ಕೊಚ್ಚುವುದು! ಮರಾಠಿಯಲ್ಲಿಯೂ 'ಶಂಖ ಮಾಡುವುದು' ಎಂದರೆ ಬೊಬ್ಬೆ ಹೊಡೆಯುವುದು. ಒಂದೇ ಶಂಖ ಬೆಟ್ಟದ ಮೇಲೆ ಧರ್ಮ, ಪೇಟೆಯಲ್ಲಿ ಜಂಬ. ಊದುವವನ ಮನಸ್ಸಿನಂತೆ ಶಬ್ದದ ಅರ್ಥ.

ಯುರೋಪಿನಲ್ಲಿ ಸ್ಪೇನ್ ದೇಶದ ಸಾಂತಿಯಾಗೋ ಎಂಬ ಕ್ಷೇತ್ರಕ್ಕೆ ಕ್ರೈಸ್ತರು ನೂರಾರು ವರ್ಷಗಳಿಂದ ಪಾದಯಾತ್ರೆ ಮಾಡುತ್ತಾರೆ. ಬೀಸಣಿಗೆಯಂಥ ಒಂದು ಚಿಪ್ಪನ್ನು ಮೈಮೇಲೋ ಚೀಲಕ್ಕೋ ಕಟ್ಟಿಕೊಳ್ಳುವುದು ಆ ಯಾತ್ರಿಕರ ಗುರುತು. ದಾರಿಯಲ್ಲಿ ಹಳ್ಳದ ನೀರನ್ನು ಆ ಚಿಪ್ಪಿನಲ್ಲೇ ಮೊಗೆದು ಕುಡಿಯುತ್ತಿದ್ದರೆಂದು ಹೇಳುತ್ತಾರೆ. ಸ್ಪೇನಿನವರು ಚಿಪ್ಪಿಗೆ 'ಕೋಂಚಾ' ಎನ್ನುತ್ತಾರೆ, ಫ್ರಾನ್ಸಿನವರು 'ಕೊಕೀಯ್' ಎನ್ನುತ್ತಾರೆ. ಎರಡೂ ಆ ಗ್ರೀಕ್ ಕೋಂಖದ ಮಕ್ಕಳು, ಅಂದರೆ ನಮ್ಮ ಶಂಖದ ತಂಗಿಯ ಮಕ್ಕಳು. ದೇವರು ಬೇರೆ, ದಾರಿ ಬೇರೆ, ನುಡಿ ಬೇರೆ. ಆದರೂ ನಡೆದು ದಣಿದವನ ಬಾಯಿಗೆ ಚಿಪ್ಪಿನಿಂದ ಬಿದ್ದ ನೀರಿನ ರುಚಿ ಬೇರೆಯಾಗಿರಲಾರದು.

ಪಾಂಚಜನ್ಯದ ಕಥೆ

ಶ್ರೀಕೃಷ್ಣನ ಪಾಂಚಜನ್ಯ, ಅರ್ಜುನನ ದೇವದತ್ತ, ಭೀಮನ ಪೌಂಡ್ರ, ಧರ್ಮರಾಜನ ಅನಂತವಿಜಯ, ನಕುಲನ ಸುಘೋಷ, ಸಹದೇವನ ಮಣಿಪುಷ್ಪಕ. ಈ ಆರೂ ಶಂಖಗಳು ಕುರುಕ್ಷೇತ್ರದಲ್ಲಿ ಮೊಳಗಿದ್ದನ್ನು ಗೀತೆಯ ಮೊದಲ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಪಾಂಚಜನ್ಯ ಕೃಷ್ಣನ ಕೈಗೆ ಬಂದದ್ದು ಯುದ್ಧಕ್ಕಾಗಿ ಅಲ್ಲ, ಕಳೆದುಹೋದ ಒಬ್ಬ ಹುಡುಗನನ್ನು ಹುಡುಕುವಾಗ.

ಭಾಗವತದಲ್ಲಿ ಈ ಕಥೆ ಇದೆ. ವಿದ್ಯೆ ಮುಗಿದ ಮೇಲೆ ಕೃಷ್ಣ ಬಲರಾಮರು ಗುರು ಸಾಂದೀಪನಿಗೆ ಏನು ದಕ್ಷಿಣೆ ಕೊಡಲೆಂದು ಕೇಳಿದರು. ಗುರುವೂ ಗುರುಪತ್ನಿಯೂ ಮಾತಾಡಿಕೊಂಡು, ಪ್ರಭಾಸದ ಕಡಲಿನಲ್ಲಿ ಕಳೆದುಹೋದ ತಮ್ಮ ಮಗನನ್ನು ತಂದುಕೊಡಿರೆಂದರು. ಕೃಷ್ಣ ಸಮುದ್ರಕ್ಕೆ ಇಳಿದ. ಅಲ್ಲಿ ಶಂಖದ ರೂಪದಲ್ಲಿ ವಾಸಿಸುತ್ತಿದ್ದ ಪಂಚಜನನೆಂಬ ಅಸುರನನ್ನು ಕೊಂದು ಹೊಟ್ಟೆ ನೋಡಿದರೆ, ಹುಡುಗ ಇಲ್ಲ! ಟೊಳ್ಳು ಶಂಖವೊಂದೇ ಸಿಕ್ಕಿತು. ಕೃಷ್ಣ ಅದನ್ನು ಬಿಸಾಡಲಿಲ್ಲ. ಅದನ್ನೇ ಹಿಡಿದುಕೊಂಡು ಯಮನ ಪಟ್ಟಣದ ಬಾಗಿಲಿಗೆ ಹೋಗಿ ಊದಿದ. ಯಮ ಆ ನಾದ ಕೇಳಿ ಎದ್ದು ಬಂದು ಹುಡುಗನನ್ನು ಒಪ್ಪಿಸಿದ. ಹೆತ್ತವರ ಅಳು ಯಮನಿಗೆ ಮುಟ್ಟಿದ್ದು ಶಂಖದ ಮೂಲಕ.

ಪಂಚಜನನಿಂದ ಬಂದದ್ದರಿಂದ ಪಾಂಚಜನ್ಯ ಎಂಬುದು ಪುರಾಣದ ಅರ್ಥ. ವೇದದಲ್ಲಿ 'ಪಂಚಜನ' ಎಂಬ ಮಾತಿಗೆ ಐದು ಬಗೆಯ ಜನ, ಅಂದರೆ ಎಲ್ಲ ಜನ ಎಂಬ ಅರ್ಥವೂ ಇದೆ. ಎಲ್ಲ ಜನರ ದನಿ ಯಾವುದರಲ್ಲಿ ಸೇರುತ್ತದೆಯೋ ಅದೇ ಪಾಂಚಜನ್ಯ ಎಂದು ತಿಳಿದರೂ ತಪ್ಪಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡುವ ಮುನ್ನ ಹೆಂಡತಿ ಮೈತ್ರೇಯಿಗೆ ಉಪದೇಶ ಮಾಡುತ್ತಾರೆ. ಆಸ್ತಿ ಬೇಡ, ಅಮೃತತ್ವದ ದಾರಿ ಹೇಳಿರಿ ಎಂದವಳು ಆಕೆ. ಆಗ ಅವರು ಶಂಖದ ದೃಷ್ಟಾಂತ ಕೊಡುತ್ತಾರೆ. ಊದಿದ ಶಂಖದಿಂದ ಹೊರಬಿದ್ದ ಸದ್ದುಗಳನ್ನು ಒಂದೊಂದಾಗಿ ಹಿಡಿಯಲು ಆಗುವುದಿಲ್ಲ. ಶಂಖವನ್ನೋ ಊದುವವನನ್ನೋ ಹಿಡಿದರೆ ಸದ್ದೂ ಹಿಡಿದಂತೆ. ಹಾಗೆಯೇ ಆತ್ಮವನ್ನು ತಿಳಿದರೆ ಎಲ್ಲವನ್ನೂ ತಿಳಿದಂತೆ ಎಂಬುದು ಅದರ ಸಾರ. ಈ ಉಪದೇಶ ನಡೆದದ್ದು ರಾಜಸಭೆಯಲ್ಲಲ್ಲ, ಗಂಡಹೆಂಡಿರ ನಡುವೆ, ಮನೆಯ ಮಾತಿನಲ್ಲಿ ಎಂಬುದನ್ನು ಭಕ್ತರು ಮರೆಯಬಾರದು.

ಗಾದೆಯ ತಾತ್ಪರ್ಯ

ಈಗ ಗಾದೆಗೆ ಮರಳಬಹುದು. ಒಂದು ಮನೆ ಎಂದಿಟ್ಟುಕೊಳ್ಳಿರಿ. ಸೊಸೆ ಅಂಜುತ್ತಂಜುತ್ತ ಹೇಳುತ್ತಾಳೆ: "ಅತ್ತೀ, ಮಾವನೋರ ಕಾಲು ಬಾತಾವ್ರಿ. ಸಾರಿನ್ಯಾಗ ಉಪ್ಪು ಕಡಿಮಿ ಮಾಡೂಣೇನ್ರಿ?" ಅತ್ತೆಗೆ ಸಿಟ್ಟು ಬರುತ್ತದೆ. "ನೀ ಏನ್ ಡಾಕ್ಟರ್ ಏನ? ನಲವತ್ತ ವರ್ಷ ಅಡಗಿ ಮಾಡೇನಿ ನಾ." ಎರಡು ತಿಂಗಳು ಕಳೆದು ಮಾವನಿಗೆ ಉಸಿರು ಕಟ್ಟಿ ಹುಬ್ಬಳ್ಳಿಗೆ ಒಯ್ದಾಗ, ಡಾಕ್ಟರು ಚೀಟಿಯ ಮೇಲೆ ಅದೇ ಮಾತು ಬರೆಯುತ್ತಾರೆ: ಉಪ್ಪು ಕಡಿಮೆ ಮಾಡಿ. ಆ ಚೀಟಿ ದೇವರ ಜಗಲಿಯ ಮೇಲೆ, ಕುಂಕುಮದ ಭರಣಿಯ ಕೆಳಗೆ ಜೋಪಾನವಾಗುತ್ತದೆ. ಮೊದಲು ಹೇಳಿದ ಸೊಸೆಯ ನೆನಪು ಯಾರಿಗೂ ಇರುವುದಿಲ್ಲ.

ಇನ್ನೊಂದು ಊರು. ದನ ಕಾಯುವವನು ಬಂದು ಹೇಳುತ್ತಾನೆ: "ಗೌಡ್ರ, ಕೆರಿ ಏರಿ ಬುಡಕ್ಕ ನೀರು ಜಿನಗಾಕತ್ತೈತ್ರಿ." ಗೌಡರು ಎಲೆಯಡಿಕೆ ಉಗುಳಿ "ಆತು ಹೋಗಪಾ" ಎನ್ನುತ್ತಾರೆ. ಅದನ್ನೇ ಜೀಪಿನಲ್ಲಿ ಬಂದವರು ಹೇಳಿದ್ದರೆ 'ಹೌದ್ರೀ ಸಾಹೇಬ್ರ' ಎಂದು ಊರೇ ಸಲಿಕೆ ಬುಟ್ಟಿ ಹಿಡಿದು ಓಡುತ್ತಿತ್ತು. ಆದರೆ ದಿನಾಲು ಏರಿಯ ಮೇಲೆ ತಿರುಗುವವನು ಜೀಪಿನವನಲ್ಲ, ದನ ಕಾಯುವವನು. ಏರಿ ಒಡೆದರೆ ಗದ್ದೆಯ ಪೈರು ಹೋಗುವಾಗ ನೀರು, ಹೇಳಿದವನು ಯಾರೆಂದು ಕೇಳುವುದಿಲ್ಲ.

"ನಾ ಇನ್ನ ಎರಡ ವರ್ಷ ಓದ್ತೀನಿ, ಈಗ ಮದಿವಿ ಬ್ಯಾಡಪಾ" ಎನ್ನುವ ಮಗಳ ಮಾತು, "ಹೊಲ ಮಾರಬ್ಯಾಡೋ ತಮ್ಮಾ" ಎನ್ನುವ ಮುದುಕನ ಮಾತು, ಇವೆಲ್ಲ ಶಂಖದಲ್ಲಿ ಬಾರದ ತೀರ್ಥಗಳು. ಅಂಗೈಗೆ ಬಿದ್ದರೂ ನಾವು ಅವನ್ನು ನೆಲಕ್ಕೆ ಚೆಲ್ಲುತ್ತೇವೆ.

ಹಾಗಾದರೆ ಶಂಖವೇ ಬೇಡವೇ? ಗುಡಿಯ ತೀರ್ಥಕ್ಕೆ ಬೆಲೆಯಿಲ್ಲವೇ? ಹಾಗಲ್ಲ. ಗುಡಿಯ ಶಂಖ ಭಕ್ತನಿಗೆ ಅಭ್ಯಾಸ ಮಾಡಿಸುವ ಗುರು. ಒಂದು ಹನಿ ನೀರಿಗಾಗಿ ತಲೆ ಬಾಗಿಸುವುದನ್ನು, ಕೈ ಬಟ್ಟಲು ಮಾಡುವುದನ್ನು, ತುಳುಕದಂತೆ ಹಿಡಿಯುವುದನ್ನು ಅದು ಕಲಿಸುತ್ತದೆ. ಹೀಗೆ ಕಲಿತದ್ದು ಗುಡಿಯ ಹೊಸ್ತಿಲಿನಲ್ಲೇ ಉಳಿದರೆ ಪ್ರಯೋಜನವೇನು? ಶಂಖಕ್ಕೆ ನೀರು ಬಂದದ್ದು ಕೊಡದಿಂದ, ಕೊಡಕ್ಕೆ ಬಂದದ್ದು ಕೆರೆಯಿಂದ, ಕೆರೆಗೆ ಬಂದದ್ದು ಮಳೆಯಿಂದ. ಶಂಖ ಒಂದು ಹನಿಯನ್ನೂ ತಾನೇ ಹುಟ್ಟಿಸಲಿಲ್ಲ, ಒಂದು ಸ್ವರವನ್ನೂ ತಾನೇ ಹಾಡಲಿಲ್ಲ. ಟೊಳ್ಳಾಗಿ ನಿಂತು ಜಾಗ ಕೊಟ್ಟಿತು, ಅಷ್ಟೇ. ಆ ಟೊಳ್ಳಿಗೇ ಇಷ್ಟು ಪೂಜೆ! ಮನುಷ್ಯನ ಕಿವಿಯೂ ಅಂಥ ಶಂಖವಾದರೆ ಯಾರ ಮಾತು ಬಿದ್ದರೂ ಅದು ತೀರ್ಥವೇ.

ಭಕ್ತರಿಗೆ ಕಿವಿಮಾತು

ಪೂಜೆಗೆ ಶಂಖ ಕೊಳ್ಳುವವರು ಒಂದೆರಡು ಸಂಗತಿ ತಿಳಿದಿರಬೇಕು. ಊದುವ ಶಂಖ ಬೇರೆ, ನೀರು ತುಂಬುವ ಶಂಖ ಬೇರೆ. ಊದುವುದಕ್ಕೆ ತುದಿ ಕತ್ತರಿಸಿರುತ್ತದೆ. ತೀರ್ಥದ ಶಂಖದ ತುದಿ ಅಖಂಡವಾಗಿರುತ್ತದೆ. ಬಾಯಿಯಿಂದ ಊದಿದ್ದನ್ನು ತೀರ್ಥಕ್ಕೆ ಬಳಸುವ ರೂಢಿಯಿಲ್ಲ.

ನೀರು ಸುರಿಯುವ ಮೂತಿಯನ್ನು ಮೇಲೆ ಮಾಡಿ, ಬಾಯಿ ತನ್ನ ಕಡೆಗೆ ಬರುವಂತೆ ಹಿಡಿದಾಗ, ಬಾಯಿ ಎಡಕ್ಕೆ ಬಂದರೆ ವಾಮಾವರ್ತಿ, ಬಲಕ್ಕೆ ಬಂದರೆ ದಕ್ಷಿಣಾವರ್ತಿ. ಸಿಗುವುದೆಲ್ಲ ಸಾಮಾನ್ಯವಾಗಿ ವಾಮಾವರ್ತಿಯೇ. ದಕ್ಷಿಣಾವರ್ತಿ ಬಹಳ ವಿರಳ. ವಿಜ್ಞಾನಿಗಳು ಚಿಪ್ಪನ್ನು ತಲೆಕೆಳಗಾಗಿ ಹಿಡಿದು ನೋಡುವುದರಿಂದ ಅವರ ಎಡ ನಮ್ಮ ಬಲವಾಗುತ್ತದೆ. ಅಮೆರಿಕದ ಕಡಲಿನಲ್ಲಿ ಸಹಜವಾಗಿಯೇ ಹಾಗೆ ಸುತ್ತಿದ ಬೇರೊಂದು ಜಾತಿಯ ಚಿಪ್ಪು ಧಾರಾಳವಾಗಿ ಸಿಗುತ್ತದೆ. ಅದನ್ನೇ ತಂದು ದಕ್ಷಿಣಾವರ್ತಿ ಎಂದು ದೊಡ್ಡ ಬೆಲೆಗೆ ಮಾರುವುದುಂಟು. ನಮ್ಮ ಶಂಖದ ಬಾಯೊಳಗೆ ಬೆರಳಾಡಿಸಿದರೆ ನಡುಗಂಬದ ಮೇಲೆ ಮೂರು ನಾಲ್ಕು ಏಣುಗೆರೆಗಳು ಸಿಗುತ್ತವೆ. ಆ ಚಿಪ್ಪಿನಲ್ಲಿ ಸಿಗುವುದಿಲ್ಲ. ಮನೆಯ ಕಷ್ಟ ಕಳೆಯಲೆಂದು ಸಾಲ ಮಾಡಿ ದಕ್ಷಿಣಾವರ್ತಿ ತರುವ ಅಗತ್ಯವಿಲ್ಲ. ಭಕ್ತಿಯಿಂದ ತುಂಬಿದ ಸಾದಾ ಶಂಖವೇ ಸಾಕು. ಅದೂ ಇಲ್ಲದಿದ್ದರೆ ಎರಡು ಅಂಗೈ ಕೂಡಿಸಿದರೆ ಆಗುವ ಬಟ್ಟಲು ಇದ್ದೇ ಇದೆ.

'ಕಿವಿಮಾತು' ಎಂಬ ಶಬ್ದವನ್ನೇ ನೋಡಿರಿ. ಹಿತವಾದ ಮಾತಿಗೆ ಕನ್ನಡಿಗರು ಬಾಯಿಯ ಹೆಸರಿಡದೆ ಕಿವಿಯ ಹೆಸರಿಟ್ಟರು. ಹೇಳುವುದು ಅರ್ಧ, ಕೇಳಿಸಿಕೊಳ್ಳುವುದು ಇನ್ನರ್ಧ. ಬೆಟ್ಟ ಇಳಿದು ಸನವಳ್ಳಿಗೋ ಹಳಿಯಾಳಕ್ಕೋ ಜೋಯಿಡಾಕ್ಕೋ ಮರಳಿದ ಭಕ್ತರು ಮನೆಯ ಹೊಸ್ತಿಲಲ್ಲಿ ಕಾಲು ತೊಳೆಯುವಾಗ ಒಳಗಿನಿಂದ ಯಾರೋ ಏನೋ ಹೇಳುತ್ತಿರುತ್ತಾರೆ. ಪ್ರಸಾದದ ಚೀಲ ಕೆಳಗಿಟ್ಟು ಮೊದಲು ಆ ಮಾತನ್ನು ಪೂರ್ತಿ ಕೇಳಲಿ. ಯಾತ್ರೆಯ ಫಲ ಅಲ್ಲಿಂದ ಶುರುವಾಗುತ್ತದೆ.

॥ ಶುಭಂ ಭವತು ॥